ಇಂಧನ ಮಿಶ್ರಣದ ತಪ್ಪು ಟ್ಯೂನಿಂಗ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಎಂಜಿನ್ ಟ್ಯೂನಿಂಗ್ ವಿಭಾಗ

ವಿಷಯ: ನನ್ನ ಕಾರಿನ ಟ್ಯೂನಿಂಗ್ ಅನ್ನು ಮತ್ತೆ ಮಾಡಿಕೊಡುವ ಬಗ್ಗೆ

ಮಾನ್ಯರೇ,

ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಂಡು, ಮಿಶ್ರಣ ಲೀನ್ ಆಗಿದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಎನ್ನುವ ಪಿ0171 ಕೋಡ್ ಬಂದದ್ದರಿಂದ ಕಳೆದ ತಿಂಗಳು ಕಾರನ್ನು ನಿಮ್ಮಲ್ಲಿ ಬಿಟ್ಟಿದ್ದೆ. ಎರಡು ದಿನಗಳ ನಂತರ ಮರಳಿಸಿದಿರಿ. ದೀಪವೇನೋ ಆರಿತ್ತು. ಆದರೆ ಅಂದಿನಿಂದ ಬೆಳಗಿನ ಮೊದಲ ಸ್ಟಾರ್ಟ್‌ಗೆ ಕಪ್ಪು ಹೊಗೆ, ಸೈಲೆನ್ಸರ್ ಬಳಿ ಹಸಿ ಪೆಟ್ರೋಲ್ ವಾಸನೆ, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್‌ಗೆ ಏದುಸಿರು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ತಿಳಿ ಕಂದು ಬಣ್ಣ ಇರಬೇಕಾದ ತುದಿಗಳು ನಾಲ್ಕೂ ಉರಿದು ಆರಿದ ಬತ್ತಿಯಂತೆ ಕರ್ರಗಿದ್ದವು. ಒರೆಸಿದ ಬಟ್ಟೆಗೆಲ್ಲ ಮಸಿ.

ದೂರವಾಣಿಯಲ್ಲಿ ವಿಚಾರಿಸಿದರೆ ನಿಮ್ಮ ತಂತ್ರಜ್ಞರು, "ಸೆನ್ಸರ್ ಲೀನ್ ಎಂದು ತೋರಿಸಿತು, ಪೆಟ್ರೋಲ್ ಹೆಚ್ಚಿಸಿದೆವು" ಎಂದರು. ನನ್ನ ತಕರಾರು ಇರುವುದೇ ಅಲ್ಲಿ. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ. ಸುಟ್ಟು ಹೊರಬಂದ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದಷ್ಟೇ ನೋಡುತ್ತದೆ. ಆ ಆಮ್ಲಜನಕ ಸಿಲಿಂಡರಿನಿಂದ ಬಂತೋ ಹೊರಗಿನಿಂದ ನುಸುಳಿತೋ, ಪಾಪ, ಸೆನ್ಸರ್‌ಗೇನು ಗೊತ್ತು? ನನ್ನ ಕಾರಿನಲ್ಲಿ ಸೆನ್ಸರ್‌ಗಿಂತ ಒಂದು ಗೇಣು ಮೊದಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್‌ನಿಂದ ಹೊಗೆ ಹೊರತರುವ ಕೊಳವೆಯ) ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಪಟ್ಟಿ, ಒಡೆದಿದೆ; ಹೊರಗಿನ ಗಾಳಿ ನುಸುಳುವುದು ಅಲ್ಲಿಂದಲೇ. ಮೇಲಿನ ತಗಡು ತೆಗೆದರೆ ಅಂಚಿನಲ್ಲಿ ಬೀಸಣಿಗೆಯಂತೆ ಹರಡಿದ ಮಸಿಯ ಗುರುತು ಕಣ್ಣಿಗೆ ರಾಚುತ್ತದೆ. ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬಂದು, ಲೋಹ ಕಾದು ಹಿಗ್ಗಿದ ಮೇಲೆ ಅಡಗುತ್ತದೆ. ಈ ಸದ್ದಿನ ವಿಷಯವನ್ನು ಕಾರು ಬಿಡುವಾಗಲೇ ಹೇಳಿದ್ದೆ, ನಿಮ್ಮ ಜಾಬ್ ಕಾರ್ಡಿನಲ್ಲೂ ಬರೆದಿದೆ.

ನೀವೇ ಕೊಟ್ಟ ಲಾಗ್ (ರೀಡಿಂಗ್‌ಗಳ ದಾಖಲೆ) ನೋಡಿ. ಫ್ಯೂಯಲ್ ಟ್ರಿಮ್, ಅಂದರೆ ಸೆನ್ಸರ್ ಮಾತು ಕೇಳಿ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ತಾನೇ ಮಾಡಿಕೊಳ್ಳುವ ಪೆಟ್ರೋಲ್ ಹೊಂದಾಣಿಕೆ, ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಓಡುವಾಗ) ಶೇ 22 ಹೆಚ್ಚು; 3,000 ಆರ್‌ಪಿಎಂ ದಾಟಿದರೆ ಶೇ 6 ಮಾತ್ರ. ಪಂಪ್ ಅಥವಾ ಫಿಲ್ಟರ್ ಸೋತು ಪೆಟ್ರೋಲ್ ಸಾಲದೆ ಹೋಗಿದ್ದರೆ ಎಂಜಿನ್ ಹೆಚ್ಚು ಕೇಳಿದಷ್ಟೂ ಕೊರತೆ ಹೆಚ್ಚಬೇಕಿತ್ತು. ಇಲ್ಲಿ ತಿರುವುಮುರುವು. ಎಲ್ಲೋ ಗಾಳಿ ಸೋರುತ್ತಿದೆ ಎಂಬ ಅನುಮಾನ ಬರಲು ಇಷ್ಟು ಸಾಕಿತ್ತು. ನೀವು ಆ ಶೇ 22ನ್ನು ಇಸಿಯುವಿನ ಮೂಲ ಮ್ಯಾಪ್‌ಗೇ (ಎಷ್ಟು ಪೆಟ್ರೋಲ್ ಬಿಡಬೇಕೆಂಬ ಪಟ್ಟಿಗೇ) ಸೇರಿಸಿ, ಟ್ರಿಮ್ ಸೊನ್ನೆಗೆ ಬಂದ ಕೂಡಲೇ ಕೆಲಸ ಮುಗಿಯಿತು ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ನಿಮ್ಮ ಪರದೆಯ ಮೇಲೆ ಗಾಳಿ-ಪೆಟ್ರೋಲ್ ಅನುಪಾತ ಸರಿಯಾಗಿ 14.7 ಎಂದು ಚೆಂದವಾಗಿ ಕಾಣುತ್ತಿದ್ದಾಗ ಸಿಲಿಂಡರಿನೊಳಗೆ ಮಿಶ್ರಣ ಅದಕ್ಕಿಂತ ಎಷ್ಟೋ ರಿಚ್ (ಪೆಟ್ರೋಲ್ ಹೆಚ್ಚು) ಆಗಿತ್ತು. ಈಗ ಕೋಡ್ ಕೂಡ ಬರುವುದಿಲ್ಲವಾದ್ದರಿಂದ ತೊಂದರೆ ಇದೆ ಎಂದು ಕಾರಿಗೇ ತಿಳಿಯದು.

ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತಿದೆ. ಹೀಗೇ ಓಡಿಸಿದರೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗುತ್ತದೆ ಎಂಬುದು ನಿಮಗೆ ಹೊಸ ಸಂಗತಿಯೇನಲ್ಲ. ಸದ್ಯ ಕಾರನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದೇನೆ.

ಆದ್ದರಿಂದ ಮೊದಲು ಗ್ಯಾಸ್ಕೆಟ್ ಬದಲಿಸಿ, ಹಳೆಯ ಮ್ಯಾಪ್ ಮರಳಿ ಹಾಕಿ, ಆಮೇಲೆ ಸೆನ್ಸರ್ ರೀಡಿಂಗ್ ತೆಗೆದು ಲಾಗ್ ಕೊಡಬೇಕು. ಹೊಸ ಪ್ಲಗ್, ಆಯಿಲ್ ಹಾಗೂ ಕನ್ವರ್ಟರ್ ಪರೀಕ್ಷೆಯ ಖರ್ಚು ನಿಮ್ಮದು. ಗ್ಯಾಸ್ಕೆಟ್‌ನದ್ದು ನಾನೇ ಕೊಡುತ್ತೇನೆ. ಅದನ್ನು ಒಡೆದವರು ನೀವಲ್ಲ. ಕಾರನ್ನು ಯಾವ ದಿನ ತರಬೇಕೆಂದು 7 ದಿನಗಳೊಳಗೆ ಲಿಖಿತವಾಗಿ ತಿಳಿಸಿ. ಲಾಗ್, ಜಾಬ್ ಕಾರ್ಡ್ ಪ್ರತಿ ಮತ್ತು ಗ್ಯಾಸ್ಕೆಟ್‌ನ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ