ಕಿಮೋ ಪಡೆಯುವ ಮಗುವಿನ ಜ್ವರಕ್ಕೆ ಚೀಟಿ ಸಾಲು ಬೇಡ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದರೆ ಅನೇಕರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಅಷ್ಟು ದಿನವೂ ವಾರ್ಡಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಸುತ್ತು ಕಿಮೋ ಮುಗಿದರೆ ಮಗುವನ್ನು ಊರಿಗೆ ಕಳಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಕಿಮೋ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಸೋಂಕಿನೊಂದಿಗೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 500ಕ್ಕಿಂತ ಕೆಳಗೆ ಇಳಿದಾಗ ಗಾಯದಲ್ಲಿ ಕೀವಾಗಲಿ, ಊತವಾಗಲಿ ಕಾಣದಿರಬಹುದು. ಹಲವು ಸಲ ಜ್ವರವೊಂದೇ ಗುರುತು. ಮಗುವಿನ ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ಸಂಜೆ ಆಡುತ್ತಿದ್ದ ಮಗು ಬೆಳಗಿನ ಜಾವಕ್ಕೆ ಬಿಪಿ ಕುಸಿದು ಮಲಗಬಹುದು. ಹಾಗಾಗಿ 100.4 ಡಿಗ್ರಿ ಮುಟ್ಟಿತೆಂದರೆ ‘ಹಲ್ಲು ಬರೋ ಜ್ವರ’, ‘ದೃಷ್ಟಿ ಆಗಿದೆ, ಬೆಳಗ್ಗೆ ನೋಡೋಣ’ ಎನ್ನುವಂತಿಲ್ಲ. ಆಸ್ಪತ್ರೆ ಬಾಗಿಲು ದಾಟಿದ 60 ನಿಮಿಷದೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್‌ನ ಮೊದಲ ಡೋಸ್ ಹೋಗಿರಬೇಕು.

ಕೈಯಿಂದ ಹಣೆ ಮುಟ್ಟಿ ನೋಡುವುದನ್ನು ನಂಬಬೇಡಿ. ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಕಂಕುಳಿನ ಬೆವರು ಒರೆಸಿ, ತುದಿ ಚರ್ಮಕ್ಕೆ ಸರಿಯಾಗಿ ತಾಗುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿದು ಬೀಪ್ ಬರುವವರೆಗೂ ಕಾಯಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದಾಗಲಿ, ಮಲಬದ್ಧತೆಗೆ ಅಲ್ಲಿ ಗುಳಿಗೆ ಇಡುವುದಾಗಲಿ ಕೂಡದು. ಸಣ್ಣ ಗೀರು ಬಿದ್ದರೂ ಸೋಂಕಿಗೆ ದಾರಿ. ಕಾವು ಅಳೆಯುವ ಮೊದಲೇ ಪ್ಯಾರಸಿಟಮಾಲ್ ಕುಡಿಸಿದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಐಬುಪ್ರೊಫೇನ್, ಮೆಫ್ಟಾಲ್, ಆಸ್ಪಿರಿನ್ ಬೇಡವೇ ಬೇಡ. ಪ್ಲೇಟ್‌ಲೆಟ್ ಮೊದಲೇ ಕಡಿಮೆ ಇರುವ ಮಗುವಿಗೆ ಅವು ರಕ್ತಸ್ರಾವದ ಭಯ ಹೆಚ್ಚಿಸುತ್ತವೆ. ಇದೇ ಕಾರಣಕ್ಕೆ, ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ‘ಒಂದು ಸೂಜಿ ಹಾಕಿಸಿ’ ಎಂದು ಸೊಂಟಕ್ಕೆ ಚುಚ್ಚಿಸುವುದೂ ಅಪಾಯ. ಸ್ನಾಯುವಿನೊಳಗೆ ರಕ್ತ ಹೆಪ್ಪುಗಟ್ಟಿ ಅಲ್ಲೇ ಸೋಂಕು ಕೂರಬಹುದು. ಇನ್ನೊಂದು ಮಾತು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಸೋಂಕಿದ್ದೂ ಜ್ವರ ಬಾರದಿರಬಹುದು. ಕೈಕಾಲು ತಣ್ಣಗಾಗಿದ್ದರೆ, ಮಂಪರು ಇದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಲೈನ್ (ಔಷಧಿ ಹಾಕಲು ರಕ್ತನಾಳದಲ್ಲಿ ಇಟ್ಟಿರುವ ಕೊಳವೆ) ಫ್ಲಶ್ ಮಾಡಿದ ಮೇಲೆ, ಅಂದರೆ ದ್ರವ ಹಾಯಿಸಿ ತೊಳೆದ ಮೇಲೆ, ನಡುಕ ಬಂದರೆ ಅದನ್ನೂ ಜ್ವರವೆಂದೇ ಎಣಿಸಬೇಕು.

ಇಲ್ಲಿ ಹೆತ್ತವರು ಮಾಡುವ ತಪ್ಪಿಗಿಂತ ವ್ಯವಸ್ಥೆ ಮಾಡುವ ತಡ ದೊಡ್ಡದು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ‘ಅಲ್ಲಿಯ ಪೇಷಂಟ್, ಅಲ್ಲಿಗೇ ಕರೆದೊಯ್ಯಿರಿ’ ಎಂದರೆ ಮೊದಲ ಡೋಸ್ ಬೀಳುವ ಹೊತ್ತಿಗೆ ಐದಾರು ಗಂಟೆ ಕಳೆದಿರುತ್ತದೆ. ಜಗಳೂರು, ಮೊಳಕಾಲ್ಮೂರು ಕಡೆಯವರದೂ ಇದೇ ಪಾಡು. ಜಿಲ್ಲಾಸ್ಪತ್ರೆಯಲ್ಲೇ ಮಾಡಬಹುದಾದ ಕೆಲಸ ಇದು: ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆ) ಮತ್ತು ಸಿಬಿಸಿಗೆ (ರಕ್ತಕಣಗಳ ಎಣಿಕೆ) ರಕ್ತ ತೆಗೆದು, ವರದಿಗೆ ಕಾಯದೆ, ಪಿಪೆರಾಸಿಲಿನ್-ಟಜೊಬ್ಯಾಕ್ಟಮ್‌ನಂಥ ಔಷಧವನ್ನು ತೂಕಕ್ಕೆ ತಕ್ಕಂತೆ ಹಾಕಿ, ಆಮೇಲೆ ಬೆಂಗಳೂರಿನ ವೈದ್ಯರಿಗೆ ಫೋನ್ ಮಾಡಿ ಮುಂದಿನದನ್ನು ತೀರ್ಮಾನಿಸುವುದು. ಎರಡೂ ಜಿಲ್ಲಾಸ್ಪತ್ರೆಗಳ ತುರ್ತು ವಿಭಾಗದಲ್ಲಿ ಇಂಥ ಮಗುವಿಗೆ ಹೊರರೋಗಿ ಚೀಟಿಯ ಸಾಲು ಇರಬಾರದು. ಕೆಮ್ಮು, ನೆಗಡಿಯವರ ನಡುವೆ ಬೆಂಚಿನ ಮೇಲೆ ಕೂರಿಸಬಾರದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಗೋಡೆಗೆ ಅಂಟಿಸಿದ ಒಂದು ಆದೇಶದ ಹಾಳೆ ಸಾಕು.

ಹೆತ್ತವರ ಕಡೆಯಿಂದಲೂ ಒಂದು ಕಾಗದ ಬೇಕು. ಕಾಯಿಲೆಯ ಹೆಸರು, ಕೊನೆಯ ಕಿಮೋ ತಾರೀಖು, ಈಗಿನ ತೂಕ, ಯಾವ ಲೈನ್ ಇದೆ, ಯಾವ ಔಷಧಿ ಒಗ್ಗುವುದಿಲ್ಲ, ಚಿಕಿತ್ಸೆ ಕೊಡುವ ವಾರ್ಡಿನ ಫೋನ್ ನಂಬರ್ – ಇಷ್ಟನ್ನು ಬರೆಸಿಕೊಂಡು ಲ್ಯಾಮಿನೇಟ್ ಮಾಡಿಸಿ, ಮೊಬೈಲಿನಲ್ಲೂ ಫೋಟೊ ಇಟ್ಟುಕೊಳ್ಳಿ. ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ಪಿಕ್ ಲೈನ್ ಇದ್ದರೆ ಫ್ಲಶ್ ಮಾಡುವ ನರ್ಸ್‌ಗೆ ನೆನಪಿಸಿ: 10 ಎಂ.ಎಲ್.ಗಿಂತ ಚಿಕ್ಕ ಸಿರಿಂಜ್ ಬೇಡ. ಚಿಕ್ಕ ಸಿರಿಂಜಿನ ಒತ್ತಡ ಹೆಚ್ಚು, ಕೊಳವೆ ಒಡೆಯಬಹುದು.

ಸೂಜಿ ಚುಚ್ಚುವಾಗ ಮೂರು ನಾಲ್ಕು ವರ್ಷದ ಮಗುವನ್ನು ನಾಲ್ಕು ಜನ ಸೇರಿ ಮಂಚಕ್ಕೆ ಒತ್ತಿ ಹಿಡಿಯುವ ರೂಢಿ ಹೋಗಬೇಕು. ಅಮ್ಮನ ತೊಡೆಯ ಮೇಲೆ, ಅವಳ ಎದೆಗೆ ಮುಖ ಮಾಡಿ, ಕಾಲು ಎರಡೂ ಬದಿಗೆ ಬರುವಂತೆ ಕೂರಿಸಿ ಒಂದು ಕೈಯನ್ನು ಮಾತ್ರ ನರ್ಸ್‌ಗೆ ಕೊಟ್ಟರೆ ಮಗು ಕಡಿಮೆ ಒದ್ದಾಡುತ್ತದೆ, ನರವೂ ಬೇಗ ಸಿಗುತ್ತದೆ. ಮರಗಟ್ಟಿಸುವ ಕ್ರೀಮ್ ಹಚ್ಚಿದರೆ ಕೆಲಸ ಮಾಡಲು ಒಂದು ಗಂಟೆ ಬೇಕು. ಮಾಮೂಲಿ ಚೆಕಪ್‌ಗೆ ಅದು ಸರಿ, ಜ್ವರದ ರಾತ್ರಿಗೆ ಆಗದು. ‘ಸೂಜಿ ಚುಚ್ಚಲ್ಲ ಪುಟ್ಟಾ’ ಎಂದು ಸುಳ್ಳು ಹೇಳಿ ಒಳಗೆ ಕರೆದೊಯ್ದರೆ ಮುಂದಿನ ಸಲ ಆಸ್ಪತ್ರೆಯ ಗೇಟಿನಿಂದಲೇ ಅಳು ಶುರು. ‘ಚುಚ್ಚುತ್ತಾರೆ, ಹತ್ತು ಎಣಿಸೋದರಲ್ಲಿ ಮುಗಿಯುತ್ತೆ, ಯಾವ ಕೈ ಕೊಡ್ತೀಯ?’ ಎನ್ನಿ.

ಮನೆಯ ಮಾತ್ರೆಗಳಲ್ಲಿ ಒಂದು ಎಡವಟ್ಟು ಪ್ರಾಣಕ್ಕೇ ಕುತ್ತು. ಮೆಯಿಂಟೆನೆನ್ಸ್ ಹಂತದಲ್ಲಿ (ಕಾಯಿಲೆ ಮರುಕಳಿಸದಂತೆ ಮಾತ್ರೆ ಕೊಡುವ ಕೊನೆಯ ಹಂತ) ಮರ್ಕಾಪ್ಟೊಪ್ಯುರಿನ್ ದಿನವೂ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಎರಡೂ ಹಳದಿ ಬಣ್ಣದ ಚಿಕ್ಕ ಮಾತ್ರೆಗಳು. ಮೆಥೊಟ್ರೆಕ್ಸೇಟ್ ಅನ್ನು ದಿನವೂ ಕೊಟ್ಟರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ತಯಾರಿಸುವ ಮೂಳೆ ಮಜ್ಜೆಯ ಕೆಲಸವೇ ನಿಂತುಹೋಗಬಹುದು. ವಾರದ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ಅದನ್ನು ಕೊಡುವ ದಿನದ ಹೆಸರು ಬರೆಯಿರಿ. ಬಸುರಿಯರು ಈ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು.

ಸ್ಟೀರಾಯ್ಡ್ ವಾರಗಳಲ್ಲಿ ಮಗು ಅಪರಾತ್ರಿ ಎದ್ದು ತಿನ್ನಲು ಕೇಳುತ್ತದೆ, ಸಣ್ಣದಕ್ಕೂ ಸಿಡುಕುತ್ತದೆ. ಔಷಧಿಯ ಗುಣ ಅದು, ಹಟವಲ್ಲ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬೇಡ ಅನ್ನುವುದು ಕಷ್ಟವೇ. ಮನೆಯಲ್ಲೇ ಉಪ್ಪು ಕಡಿಮೆ ಹಾಕಿ, ಬಿಸಿ ಒಗ್ಗರಣೆ ಕೊಟ್ಟು ಕೊಡಿ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಬೇಡಿ. ಗಾಡಿಯದು ಬೇಡ.

ಆರೋಗ್ಯ ಇಲಾಖೆಗೂ ಒಂದು ವಿನಂತಿ. ಪಲ್ಸ್ ಪೋಲಿಯೊ ಹನಿಯಲ್ಲಿರುವುದು ಜೀವಂತ, ದುರ್ಬಲಗೊಳಿಸಿದ ವೈರಸ್. ಕಿಮೋ ಪಡೆಯುವ ಮಗುವಿಗೆ ಅದನ್ನು ಹಾಕುವಂತಿಲ್ಲ. ಅದೇ ಮನೆಯ ಅಣ್ಣ ತಂಗಿಯರಿಗೆ ಹಾಕಿದರೂ ಮಲದ ಮೂಲಕ ವೈರಸ್ ಈ ಮಗುವಿಗೆ ತಲುಪಬಹುದಾದ್ದರಿಂದ ಅವರಿಗೆ ಪೋಲಿಯೊ ಚುಚ್ಚುಮದ್ದು ಸೂಕ್ತ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಇದು ತಿಳಿದಿರದಿದ್ದರೆ ‘ಹನಿ ಹಾಕಿಸಲು ಒಪ್ಪದ ಮನೆ’ ಎಂದು ಬರೆದುಕೊಂಡು ಹೋಗುವುದು ಸಹಜ. ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಈ ವಿಷಯವನ್ನೂ ಸೇರಿಸಲಿ. ಚಿಕಿತ್ಸೆಯಲ್ಲಿರುವ ಮಕ್ಕಳ ಪಟ್ಟಿ ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಲಿ. ಜ್ವರದ ರಾತ್ರಿ 108ಕ್ಕೆ ಕರೆ ಹೋದಾಗ ಜಿಲ್ಲಾಸ್ಪತ್ರೆಗೆ ಮುಂಚಿತವಾಗಿ ತಿಳಿಸಲು ಅದೇ ಪಟ್ಟಿ ಬಳಕೆಗೆ ಬರುತ್ತದೆ.

– ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಕೆಲವು ಪೋಷಕರು, ದಾವಣಗೆರೆ