ಹೆಸರು ಗೊತ್ತಿಲ್ಲದವರಿಗೂ ಸೇರಿಸಿ, ಅಕ್ಕನ ಪರವಾಗಿ ಥ್ಯಾಂಕ್ಸ್

ಅಕ್ಕ ತೀರಿಕೊಂಡ ಮೇಲೆ ಫೋನ್ ಮಾಡಿದವರು, ಪತ್ರ ಬರೆದವರು, ಮನೆಗೆ ಬಂದು ಸುಮ್ನೆ ಜೊತೆಗೆ ಕೂತು ಹೋದವರು ತುಂಬಾ ಜನ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಬಹುದಿತ್ತು. ಆದರೆ ನಾವು ನೆನೆಯಬೇಕಾದ ಕೆಲವರ ಹೆಸರು ನಮಗೆ ಗೊತ್ತಿಲ್ಲ, ಮುಂದೆ ಗೊತ್ತಾಗುವುದೂ ಇಲ್ಲ. ಅಕ್ಕನಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಕೊಟ್ಟವರು ಅವರು. ಯಾರ ರಕ್ತ ಯಾರಿಗೆ ಹೋಯಿತು ಅಂತ ರಕ್ತನಿಧಿಯವರು ನಮಗೆ ಹೇಳಲಿಲ್ಲ. ಹೇಳಬಾರದು ಕೂಡ. ಅವರನ್ನು ಮುಟ್ಟಲು ಇರುವುದು ಇದೊಂದೇ ದಾರಿ: ಎಲ್ಲರಿಗೂ ಕಾಣುವ ಹಾಗೆ ಬರೆಯುವುದು.

ಅಕ್ಕನಿಗೆ ಇದ್ದದ್ದು ರಕ್ತದ ಕ್ಯಾನ್ಸರ್. ಚಿಕಿತ್ಸೆ ಶುರುವಾದ ಮೇಲೆ ಪ್ಲೇಟ್‌ಲೆಟ್ ಮತ್ತೆ ಮತ್ತೆ ಇಳಿಯುತ್ತಿತ್ತು. ಕೆಂಪು ರಕ್ತಕಣಗಳನ್ನು ತಣ್ಣಗಿಟ್ಟರೆ ಸುಮಾರು 42 ದಿನ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ. ಅದನ್ನು ಫ್ರಿಜ್ಜಿನಲ್ಲಿ ಇಡದೆ 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ಅಲುಗಾಡಿಸುತ್ತಲೇ ಇಡಬೇಕು. ಆಗಲೂ ಸಾಮಾನ್ಯವಾಗಿ ಐದು ದಿನ ಅಷ್ಟೇ. ಅಂದರೆ ಬೇಕಾಗಬಹುದು ಅಂತ ತಿಂಗಳಿಗಾಗುವಷ್ಟು ಕೂಡಿಡಲು ಬರುವುದಿಲ್ಲ. ಯಾರಾದರೂ ಈ ವಾರವೇ ಬಂದು ಕೊಡಬೇಕು. ಕೊಡುವವರಿಗೂ ಅದು ಐದು ನಿಮಿಷದ ಕೆಲಸವಲ್ಲ. ಯಂತ್ರ ರಕ್ತವನ್ನು ಎಳೆದು, ಪ್ಲೇಟ್‌ಲೆಟ್ ಬೇರೆ ಮಾಡಿ, ಉಳಿದದ್ದನ್ನು ವಾಪಸ್ ಒಳಗೆ ಕಳಿಸುವವರೆಗೆ ಒಂದೆರಡು ಗಂಟೆ ಮಲಗಿರಬೇಕು. ನೀವು ಬಂದು ಮಲಗಿದಿರಿ. ನಿಮ್ಮಿಂದಾಗಿ ಅಕ್ಕ ನಮಗೆ ಇನ್ನೊಂದಷ್ಟು ತಿಂಗಳು ಸಿಕ್ಕಳು. ಆ ತಿಂಗಳುಗಳಲ್ಲಿ ಅವಳು ನಕ್ಕಿದ್ದಾಳೆ, ಬೈದಿದ್ದಾಳೆ, ನನ್ನ ಬರಹ ತಿದ್ದಿದ್ದಾಳೆ. ತುಂಬಾ ದೊಡ್ಡ ಉಪಕಾರ ಇದು.

ಇದರಲ್ಲಿ ಇನ್ನೊಂದು ವಿಷಯ ಇದೆ. ನಿಮ್ಮನ್ನು ಕರೆದ ಆ ಮೆಸೇಜಿನ ನಮೂನೆ ಮಾಡಿದ್ದು ಅಕ್ಕನೇ, ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. "ಅರ್ಜೆಂಟ್ ರಕ್ತ ಬೇಕು, ಎಲ್ಲರಿಗೂ ಕಳಿಸಿ" ಅನ್ನುವ ಮೆಸೇಜುಗಳು ನಿಮಗೂ ಬಂದಿರುತ್ತವೆ. ತಾರೀಕು ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ಎರಡು ವರ್ಷ ಆಗಿದ್ದರೂ ಆ ಮೆಸೇಜು ಊರೂರು ಸುತ್ತುತ್ತಿರುತ್ತದೆ, ಆ ಮನೆಯವರಿಗೆ ಮಧ್ಯರಾತ್ರಿ ಫೋನ್ ಬರುತ್ತಿರುತ್ತದೆ. ರಕ್ತದಾನದ ಗುಂಪಿಗೆ ಸೇರಿದ ಕೂಡಲೇ ಅಕ್ಕ ಹಿಡಿದದ್ದು ಇದನ್ನೇ. ಮೊದಲ ಸಾಲಿನಲ್ಲಿ ತಾರೀಕು, ಸಮಯ. ಆಮೇಲೆ ಯಾವ ಗುಂಪು, ಪೂರ್ತಿ ರಕ್ತವೋ ಪ್ಲೇಟ್‌ಲೆಟ್ಟೋ, ಎಷ್ಟು ಜನ ಬೇಕು, ಎಷ್ಟು ಹೊತ್ತಿನವರೆಗೆ ಬೇಕು. ಅಷ್ಟು ಜನ ಸಿಕ್ಕ ತಕ್ಷಣ ಎರಡನೇ ಮೆಸೇಜು: "ಸಾಕು, ಥ್ಯಾಂಕ್ಸ್, ಇನ್ನು ಕಳಿಸಬೇಡಿ." ಮೊದಲನೆಯದಕ್ಕಿಂತ ಈ ಎರಡನೆಯದರ ಮೇಲೆ ಅವಳಿಗೆ ಹಟ ಜಾಸ್ತಿ. ಬಂದ ದಾನಿಯನ್ನು ಬೇಡ ಅಂತ ಬಾಗಿಲಿನಿಂದ ವಾಪಸ್ ಕಳಿಸಿದರೆ ಅವರು ಮತ್ತೆ ಬರುವುದು ಅನುಮಾನ ಅಂತ ಹೇಳುತ್ತಿದ್ದಳು.

ತನಗೇ ಬೇಕಾದಾಗಲೂ ಅಷ್ಟೇ. ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ತನ್ನ ಮೆಸೇಜು ತಾನೇ ಬರೆದಳು. ಹೆಸರು ಹಾಕಲಿಲ್ಲ. "ನಮ್ಮ ಅಕ್ಕನಿಗೇ ಅಂತ ಗೊತ್ತಾದರೆ ಎಲ್ಲರೂ ಒಂದೇ ದಿನ ಬಂದುಬಿಡ್ತಾರೆ, ಮುಂದಿನ ವಾರ ಯಾರೂ ಇರಲ್ಲ" ಅಂದಳು. ಲೆಕ್ಕ ಸರಿಯಾಗಿಯೇ ಇತ್ತು. ಹಾಗಾಗಿ ನಿಮ್ಮಲ್ಲಿ ಹಲವರು ಅವಳಿಗೆ ಅಂತ ಗೊತ್ತಿಲ್ಲದೆಯೇ ಅವಳಿಗೆ ಕೊಟ್ಟಿರಬಹುದು. ಈಗ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಅಕ್ಕನ ನೌಕರಿ ಏನು ಅಂತ ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ಕೊನೆಯವರೆಗೂ ತಿಳಿಯಲಿಲ್ಲ. ಕಮ್ಯುನಿಕೇಶನ್ಸ್ ಅಂದರೆ ಟೆಲಿಫೋನ್ ಕಂಪನಿ ಅಂದುಕೊಂಡು ನಮ್ಮ ದೊಡ್ಡಪ್ಪ ಅವಳ ಹತ್ತಿರ ಲೈನ್ ಸರಿ ಇಲ್ಲ ಅಂತ ದೂರು ಹೇಳುತ್ತಿದ್ದರು. ಅವಳು ಮೊದಲು ಪತ್ರಿಕೆಯ ಡೆಸ್ಕಿನಲ್ಲಿ ಇದ್ದಳು. ಆಮೇಲೆ ಕಂಪನಿಗಳ ಪರವಾಗಿ ಪತ್ರಿಕೆಗಳಿಗೆ ಬರೆಯುವ, ಮಾತಾಡುವ ಕೆಲಸಕ್ಕೆ ಬಂದಳು. ಪ್ರೆಸ್ ರಿಲೀಸ್ ಅಂದರೆ ಅರ್ಧ ಸುಳ್ಳು ಅನ್ನುವವರಿಗೆ ಅವಳು 1906ರ ಕಥೆ ಹೇಳುತ್ತಿದ್ದಳು. ಆ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಜಾಸ್ತಿ ಜನ ಸತ್ತರು. ಆಗಿನ ರೈಲ್ವೆ ಕಂಪನಿಗಳು ಇಂಥದ್ದನ್ನೆಲ್ಲ ಮುಚ್ಚಿಡುತ್ತಿದ್ದವು. ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗೆ ಸಲಹೆ ಕೊಡುತ್ತಿದ್ದ ಐವಿ ಲೀ ಹಾಗೆ ಮಾಡಲಿಲ್ಲ. ಏನಾಯಿತು ಅಂತ ಕಂಪನಿಯ ಕಡೆಯಿಂದಲೇ ಬರೆದು ಪತ್ರಿಕೆಗಳಿಗೆ ಕೊಟ್ಟರು, ವರದಿಗಾರರನ್ನು ಜಾಗಕ್ಕೂ ಕರೆಸಿದರು. ಮೊದಲ ಪ್ರೆಸ್ ರಿಲೀಸ್ ಅದೇ ಅಂತ ಈ ವೃತ್ತಿಯವರು ಹೇಳುತ್ತಾರೆ. "ನಮ್ಮ ಕಸುಬು ಹುಟ್ಟಿದ್ದೇ ಕೆಟ್ಟ ಸುದ್ದಿ ಹೇಳೋಕೆ" ಅನ್ನುವುದು ಅಕ್ಕನ ಮಾತು. ಅದೇ ಲೀ ಮುಂದೆ ಎಲ್ಲ ಕಾಲಕ್ಕೂ ಅಷ್ಟೇ ನೇರವಾಗಿ ಇರಲಿಲ್ಲ, ಅದನ್ನೂ ಅವಳು ಮರೆಯದೆ ಸೇರಿಸುತ್ತಿದ್ದಳು.

ಅವಳ ಆಫೀಸಿನವರು ಈ ಕೆಲವು ವಾರಗಳಲ್ಲಿ ನಮಗೆ ಹೇಳಿದ ಕಥೆಗಳಿಗೆ ಬೇರೆಯೇ ಥ್ಯಾಂಕ್ಸ್ ಹೇಳಬೇಕು. ನಮಗೆ ಒಂದೂ ಗೊತ್ತಿರಲಿಲ್ಲ. ಒಮ್ಮೆ ಅವಳು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಅಪಘಾತವಾಗಿ ಒಬ್ಬರು ಸತ್ತಾಗ, ಮೇಲಿನವರು ಪತ್ರಿಕೆಯವರಿಗೆ ಏನು ಹೇಳೋಣ ಅಂತ ಕೂತಿದ್ದರಂತೆ. ಮನೆಯವರಿಗೆ ಹೇಳಿದ್ದೀರಾ ಅಂತ ಕೇಳಿದ್ದು ಅಕ್ಕ ಒಬ್ಬಳೇ. ಹೇಳಿ ಬರುವವರೆಗೆ ಒಂದು ಸಾಲೂ ಬರೆಯುವುದಿಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿದಳಂತೆ. ಇನ್ನೊಂದು ಕಥೆ ಹಗುರವಾದದ್ದು. "ಈ ಸಾಧನೆಗೆ ಅಪಾರ ಹರ್ಷ ವ್ಯಕ್ತಪಡಿಸಿದ್ದಾರೆ" ಅಂತ ಕಿರಿಯರು ಬರೆದು ತಂದರೆ, "ಅವರು ನಿಜವಾಗಿ ಹರ್ಷಪಟ್ಟರಾ? ನೋಡಿದ್ಯಾ?" ಅಂತ ಕೇಳುತ್ತಿದ್ದಳಂತೆ. ಒಬ್ಬ ಹುಡುಗ ನಿಜವಾಗಲೂ ಮೇಲಧಿಕಾರಿಯ ರೂಮಿಗೆ ಹೋಗಿ ಕೇಳಿ ಬಂದನಂತೆ, ಪಾಪ.

ಅವಳ ಕಸುಬಿನ ಒಂದು ಅಭ್ಯಾಸ ನಮ್ಮ ಮನೆಯನ್ನು ಕಾಪಾಡಿತು ಅಂತ ನನಗೆ ಅನ್ನಿಸುತ್ತದೆ. ದುರಂತದ ಹೊತ್ತಿನಲ್ಲಿ ಜನರಿಗೆ ಮೂರು ವಿಷಯ ಹೇಳಬೇಕು: ನಮಗೆ ಈಗ ಏನು ಗೊತ್ತು, ಏನು ಗೊತ್ತಿಲ್ಲ, ಮತ್ತೆ ಯಾವಾಗ ಹೇಳುತ್ತೇವೆ. ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಬಂದು "ಹೊಸದೇನೂ ಇಲ್ಲ" ಅನ್ನಬೇಕು. ಕಾಯಿಲೆ ಗೊತ್ತಾದ ಮರುದಿನದಿಂದ ಅಕ್ಕ ಇದನ್ನು ನೆಂಟರ ಗುಂಪಿನಲ್ಲಿ ಶುರು ಮಾಡಿದಳು. ಸಂಜೆ ಏಳಕ್ಕೆ ಒಂದು ಮೆಸೇಜು. ಜ್ವರ ಎಷ್ಟು, ಡಾಕ್ಟರ್ ಏನಂದರು, ಯಾವ ರಿಪೋರ್ಟ್ ಬಂದಿಲ್ಲ, ಮುಂದಿನ ಮಾತು ನಾಳೆ ಏಳಕ್ಕೆ. ಇದರಿಂದ ಎಂಥ ಉಪಕಾರ ಆಯಿತು ಅಂದರೆ, ಹಗಲಿಡೀ ಬರುತ್ತಿದ್ದ "ಹೇಗಿದ್ದಾಳೆ?" ಫೋನುಗಳು ನಿಂತವು. ಅಮ್ಮ ಮಧ್ಯಾಹ್ನ ಒಂದಿಷ್ಟು ಹೊತ್ತು ಮಲಗುವ ಹಾಗಾಯಿತು. ಕೈ ನಡುಗಲು ಶುರುವಾದ ಮೇಲೆ ಬರೆಯುವ ಕೆಲಸ ನನಗೆ ಬಂತು, ಆದರೆ ಕಳಿಸುವ ಮೊದಲು ಅವಳಿಗೆ ತೋರಿಸಬೇಕಿತ್ತು. "ಸ್ವಲ್ಪ ಸುಸ್ತು" ಅಂತ ಬರೆದರೆ "ಸ್ವಲ್ಪ ಅಲ್ಲ, ತುಂಬಾ" ಅಂತ ತಿದ್ದಿಸುತ್ತಿದ್ದಳು. ಆ ಏಳು ಗಂಟೆಯನ್ನು ನಂಬಿ, ನಡುವೆ ಕೆದಕದೆ ಕಾದ ಎಲ್ಲ ನೆಂಟರಿಗೂ ಅಮ್ಮನ ಪರವಾಗಿ ಹೇಳುತ್ತಿದ್ದೇನೆ: ನೀವು ಕಾದದ್ದೇ ದೊಡ್ಡ ಸಹಾಯ.

ಕೊನೆಯ ದಿನಗಳಲ್ಲಿ ಅವಳನ್ನು ನೋಡಿಕೊಂಡ ಉಪಶಮನ ಆರೈಕೆಯ ನರ್ಸುಗಳ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ. ನೋವಿನ ಔಷಧಿಯನ್ನು ನೋವು ಬಂದ ಮೇಲಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡುತ್ತಿದ್ದರು. ಅಕ್ಕನ ಮುಖದ ಗಂಟು ಬಿಟ್ಟದ್ದು ಅಲ್ಲಿಂದ. ಅದನ್ನು ನಾವು ಮರೆಯುವುದಿಲ್ಲ.

ಇನ್ನು ಓದುವ ಗುಂಪಿನ ಗೆಳೆಯರು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವುದು ಅಕ್ಕನ ಭಾನುವಾರದ ಕೆಲಸ. ನಾಟಕದ ಧ್ವನಿ ಬೇಡ, ಸುಮ್ನೆ ಸ್ಪಷ್ಟವಾಗಿ ಓದಿ ಅನ್ನುವುದು ಅಲ್ಲಿಯ ಪಾಠ. ಕಷ್ಟ ಇರುವುದು ಕೋಷ್ಟಕಗಳಲ್ಲಿ, ನಕ್ಷೆಗಳಲ್ಲಿ. ಎಷ್ಟು ಸಾಲು, ಎಷ್ಟು ಕಂಬ (ಕಾಲಂ), ಪ್ರತಿ ಕಂಬದ ತಲೆಬರಹ ಏನು ಅಂತ ಮೊದಲು ಹೇಳಿ, ಆಮೇಲೆ ಅಂಕಿಗಳಿಗೆ ಇಳಿಯಬೇಕು. ಇಲ್ಲದಿದ್ದರೆ ಕೇಳುವವರು ಅಂಕಿಗಳ ನಡುವೆ ಕಳೆದುಹೋಗುತ್ತಾರೆ. ಇಂಥ ಪ್ರತಿ ಮಾಡಲು ಪ್ರಕಾಶಕರ ಅನುಮತಿಗೆ ಅಲೆಯುವುದನ್ನು ಕಡಿಮೆ ಮಾಡಿದ ಮರಾಕೆಶ್ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು, 2016ರಲ್ಲಿ ಜಾರಿಗೆ ಬಂತು. ಅದನ್ನು ಕೂತು ಓದಿ, ಸ್ವಯಂಸೇವಕರಿಗೆ ಒಂದೇ ಹಾಳೆಯಲ್ಲಿ ಅರ್ಥವಾಗುವ ಹಾಗೆ ಬರೆದುಕೊಟ್ಟದ್ದು ತನ್ನ ಜೀವನದ ಒಳ್ಳೆಯ ಬರಹ ಅಂತ ಅವಳು ಹೇಳಿಕೊಳ್ಳುತ್ತಿದ್ದಳು. ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡು ನಮಗೆ ತಂದುಕೊಟ್ಟವರಿಗೆ ನಮಸ್ಕಾರ. ಅವಳ ಓದನ್ನು ಕೇಳಿ ಪರೀಕ್ಷೆ ಬರೆದವರು ಫೋನ್ ಮಾಡಿ, ಅವಳ ಸ್ವರದಲ್ಲೇ "ಕೋಷ್ಟಕ ಮೂರು, ನಾಲ್ಕು ಕಂಬ" ಅಂತ ಅನುಕರಣೆ ಮಾಡಿ ಅಮ್ಮನನ್ನು ನಗಿಸಿದರು. ಅವತ್ತು ಮನೆಯಲ್ಲಿ ಮೊದಲ ಸಲ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು.

ಕೆಲವು ಕೆಲಸದ ಮಾತು. ದಾನಿಗಳ ಪಟ್ಟಿಯನ್ನು ಅಕ್ಕ ಹೇಳಿದ ಹಾಗೆಯೇ ರಕ್ತದಾನದ ಗುಂಪಿಗೆ ಒಪ್ಪಿಸಿದ್ದೇವೆ, ಅವಳ ಫೋನಿನಿಂದ ಅಳಿಸಿದ್ದೇವೆ. ನಿಮ್ಮ ಹೆಸರು ಬೇಡ ಅನ್ನಿಸಿದರೆ ಗುಂಪಿಗೆ ಹೇಳಿ, ಕಾರಣ ಯಾರೂ ಕೇಳುವುದಿಲ್ಲ. ಅವಳ ನಂಬರ್ ಈ ತಿಂಗಳ ಕೊನೆಯವರೆಗೆ ನನ್ನ ಹತ್ತಿರ ಇರುತ್ತದೆ. ಮತ್ತೆ, ಅಕ್ಕ ಓದಿ ರೆಕಾರ್ಡ್ ಮಾಡುತ್ತಿದ್ದ ಸಂಖ್ಯಾಶಾಸ್ತ್ರದ (ಸ್ಟ್ಯಾಟಿಸ್ಟಿಕ್ಸ್) ಪುಸ್ತಕ ಅರ್ಧಕ್ಕೆ ನಿಂತಿದೆ. ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಮೊದಲು ಬೇಕು. ಯಾರಾದರೂ ಮುಂದುವರಿಸುವುದಾದರೆ ಓದುವ ಗುಂಪಿನವರಿಗೆ ತಿಳಿಸಿ. ಧ್ವನಿ ಚೆನ್ನಾಗಿರಬೇಕು ಅಂತೇನಿಲ್ಲ, ಉಳಿದಿರುವ ಅಧ್ಯಾಯಗಳ ತುಂಬಾ ಕೋಷ್ಟಕಗಳೇ ಇವೆ ಅನ್ನುವುದನ್ನು ಮಾತ್ರ ಮೊದಲೇ ಹೇಳಿರುತ್ತೇನೆ.