‘ಬರೀ ಮೇಷ್ಟ್ರು’ ಎಂದ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಮಂಡ್ಯದ ಬಿಸಿಲು, ಮಗಳ ಮದುವೆಯ ಮಾತುಕತೆ, ಸಕ್ಕರೆ ಕಾಯಿಲೆ ಎಲ್ಲವನ್ನೂ ಓದಿಕೊಂಡೆ. ಕೊನೆಯ ಸಾಲು ಮಾತ್ರ ನನಗೆ ಹಿಡಿಸಲಿಲ್ಲ. ‘ಇನ್ನೇನು ನಿವೃತ್ತಿ ಬಂತು. ಸಂಗೀತ ರಚಿಸಬೇಕೆಂದು ಹೊರಟವನು ಮಕ್ಕಳಿಗೆ ಊದಲು ಕಲಿಸುತ್ತಾ ಬರೀ ಮೇಷ್ಟ್ರಾಗಿ ಉಳಿದೆ’ ಎಂದಿದ್ದೀಯೆ. ಫೋನಿನಲ್ಲಿ ಜಗಳವಾಡಿದರೆ ನಕ್ಕು ಮಾತು ತೇಲಿಸಿಬಿಡುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಳೆಯ ಬಳಗದವರೂ ಓದಲಿ ಎಂದು ಎಲ್ಲರ ಮುಂದೆಯೇ ಇಡುತ್ತಿದ್ದೇನೆ, ಕೋಪ ಬೇಡ.

ಹಾಗೆ ನೋಡಿದರೆ ಇಂಗ್ಲೆಂಡಿನ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ ಕೂಡ ಬರೀ ಮೇಷ್ಟ್ರೇ. 1905ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಗೆ ಸಂಗೀತ ಕಲಿಸಲು ಸೇರಿದವರು 1934ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ. ಅದಕ್ಕೂ ಮುಂಚೆ ಹೊಟ್ಟೆಪಾಡಿಗೆ ಟ್ರಾಂಬೋನ್ ಊದುತ್ತಿದ್ದರು. ಬಲಗೈಯ ನರದ ನೋವಿನಿಂದ ಪಿಯಾನೋ ವಾದಕನಾಗುವ ಆಸೆ ಮೊದಲೇ ಕೈಬಿಟ್ಟಿತ್ತು. ವಾರವೆಲ್ಲ ಪಾಠ, ಬರವಣಿಗೆಗೆ ಸಿಕ್ಕಿದ್ದು ವಾರಾಂತ್ಯ ಮತ್ತು ರಜೆ. ಗ್ರಹಗಳ ಮೇಲೆ ಆರ್ಕೆಸ್ಟ್ರಾಗೆ ಬರೆದ ಅವರ ಹೆಸರಾಂತ ಕೃತಿ ‘ದಿ ಪ್ಲಾನೆಟ್ಸ್’ ಹುಟ್ಟಿದ್ದು ಅಂಥ ಬಿಡುವಿನಲ್ಲೇ. ನಡುವೆ ಸಂಸ್ಕೃತ ಕಲಿತು, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ರಾಗ ಹಾಕಿದರು. ಸಾವಿತ್ರಿ, ಸತ್ಯವಾನ, ಯಮ ಈ ಮೂವರನ್ನೇ ಇಟ್ಟುಕೊಂಡು ಒಂದು ಪುಟ್ಟ ಒಪೆರಾ ಮಾಡಿದರು. ನಮ್ಮವರಲ್ಲೇ ಎಷ್ಟು ಮಂದಿಗೆ ಅಷ್ಟು ಪುರುಸೊತ್ತು ಇದ್ದೀತು, ಹೇಳು.

ಆದರೆ ನಿನಗೆ ನೆನಪಿಸಬೇಕಾದದ್ದು 1909ರಲ್ಲಿ ಅವರು ಮಿಲಿಟರಿ ಬ್ಯಾಂಡಿಗೆ ಬರೆದ ಮೊದಲ ಸೂಟ್, ಅಂದರೆ ಕೆಲವು ಭಾಗಗಳನ್ನು ಜೋಡಿಸಿದ ಕೃತಿ. ಬ್ಯಾಂಡಿನವರು ಮಾರ್ಚುಗಳನ್ನೂ, ಆರ್ಕೆಸ್ಟ್ರಾ ಕೃತಿಗಳ ರೂಪಾಂತರಗಳನ್ನೂ ನುಡಿಸಿಕೊಂಡಿದ್ದ ಕಾಲವದು. ಹೋಲ್ಸ್ಟ್ ಬ್ಯಾಂಡಿಗೆಂದೇ ಬರೆದರು. ಕೆಳದನಿಯ ಹಿತ್ತಾಳೆ ವಾದ್ಯಗಳಲ್ಲಿ ತಾಳದ ಎಂಟು ಸುತ್ತಿನ ಒಂದೇ ಸ್ವರಸಾಲು ಮೆಲ್ಲಗೆ ಎದ್ದು, ವಾದ್ಯದಿಂದ ವಾದ್ಯಕ್ಕೆ ದಾಟುತ್ತಾ ಮೊದಲ ಭಾಗವನ್ನೆಲ್ಲ ಹೊತ್ತು ನಡೆಯುತ್ತದೆ. ಜೊತೆಗೆ ಕೆಲವು ವಾದ್ಯಗಳನ್ನು ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ ಎಂಬಂತೆ ಬರೆದರು. ಬ್ಯಾಂಡಿನ ಬಡತನ ಕಂಡವನಿಗಲ್ಲದೆ ಇದು ಹೊಳೆಯುವುದಿಲ್ಲ.

ನೀನು ಮಾಡಿದ್ದೂ ಅದನ್ನೇ ಅಲ್ಲವೇ? ನಿನ್ನ ಶಾಲೆಯ ಆಲ್ಟೊ ಸ್ಯಾಕ್ಸೊಫೋನಿನ ಸ್ಪ್ರಿಂಗ್ ಮುರಿದು, ಕೀಲಿ ಮೇಲೇಳಲೆಂದು ರಬ್ಬರ್ ಬ್ಯಾಂಡ್ ಸುತ್ತಿದ್ದನ್ನು ನಾನೇ ನೋಡಿದ್ದೇನೆ. ಆಡಳಿತ ಮಂಡಳಿಗೆ ಆಗಸ್ಟ್ ಹದಿನೈದರ ಪಥಸಂಚಲನ ಮುಗಿದರೆ ಬ್ಯಾಂಡು ನೆನಪಿಗೆ ಬರುವುದು ಅತಿಥಿಗಳನ್ನು ಗೇಟಿನಿಂದ ಕರೆತರುವಾಗ ಮಾತ್ರ. ಅಂಥ ಕಡೆ ಕುಳಿತು ನೀನು ಆ ಮೋಹನ ರಾಗದ ತುಣುಕು ಬರೆದೆ. ಬ್ಯಾಂಡಿನ ಗಂಧ ಇಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ. ಬ್ಯಾಂಡಿನಲ್ಲಿ ಕೇಳುವ ಸ್ವರ ಒಂದೇ ಆದರೂ ವಾದ್ಯಕ್ಕೆ ತಕ್ಕಂತೆ ಹಾಳೆಯಲ್ಲಿ ಅದರ ಹೆಸರು ಬದಲಾಗುತ್ತದೆ. ಷಡ್ಜವನ್ನು ಬಿ ಫ್ಲಾಟಿನಲ್ಲಿ ಇಟ್ಟರೆ ಕ್ಲ್ಯಾರಿನೆಟ್ಟಿನವನ ಹಾಳೆಯಲ್ಲಿ ಅದು ಸಿ, ಆಲ್ಟೊ ಸ್ಯಾಕ್ಸಿನವನಿಗೆ ಜಿ, ಹಾರ್ನಿನವನಿಗೆ ಎಫ್. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಹಾಗಾಗಿ ಈ ಮೂವರಲ್ಲಿ ಯಾರ ಹಾಳೆಯಲ್ಲೂ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಒಂದು ಶಾರ್ಪ್ ಇಲ್ಲ, ಇಳಿಸುವ ಒಂದು ಫ್ಲಾಟ್ ಇಲ್ಲ. ಎಂಟನೇ ತರಗತಿಯ ಹುಡುಗಿಗೂ ಬೆರಳು ತಪ್ಪುವುದಿಲ್ಲ. ಗಾಂಧಾರದಿಂದ ಪಂಚಮಕ್ಕೆ ಏರುವ ಜಾರನ್ನು ಕ್ಲ್ಯಾರಿನೆಟ್ಟಿನಿಂದ ಕಿತ್ತು ಟ್ರಾಂಬೋನಿಗೆ ಕೊಟ್ಟೆ, ಕೊಳವೆ ಎಳೆದರೆ ಜಾರು ತಾನಾಗಿ ಬರುತ್ತದೆ ಎಂದು. ಕ್ಲ್ಯಾರಿನೆಟ್ಟಿನವನಾದ ನನಗೆ ಆಗ ಹೊಟ್ಟೆಯುರಿದಿದ್ದು ನಿಜ. ಇದನ್ನು ರಚನೆ ಎನ್ನದೆ ಇನ್ನೇನೆನ್ನಬೇಕು?

ನಮ್ಮ ಊರಿನ ಮಾತಿಗೆ ಬಾ. ಅರಮನೆಗೆ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನಿಗೆ ಮನಸೋತದ್ದು ಆ ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿಯೇ. ಮುಂದೆ ಗಮಕ ಬರಲೆಂದು ವಾದ್ಯವನ್ನೇ ತಿದ್ದಿಕೊಂಡರು. ದಸರೆಯಲ್ಲಿ ಈಗಲೂ ಪೊಲೀಸ್ ಬ್ಯಾಂಡಿಗೆ ಅರಮನೆಯ ಮುಂದೆ ಜನ ಚಪ್ಪಾಳೆ ತಟ್ಟುತ್ತಾರೆ. ಕೃತಿ ಯಾವ ವಾಗ್ಗೇಯಕಾರರದು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಕಾರ್ನೆಟ್ಟಿಗೂ ಯೂಫೋನಿಯಮ್ಮಿಗೂ ಹಂಚಿ ಬರೆದ ಕೈ ಯಾರದು ಎಂದು ಕೇಳುವವರಿಲ್ಲ. ತಪ್ಪು ಅರ್ಧ ಕೇಳುಗರದು, ಇನ್ನರ್ಧ ನಿನ್ನಂಥ ಮೇಷ್ಟ್ರುಗಳದು. ಬೇರೆ ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಪಾರ್ಟು ಬರೆದು ಹಂಚುತ್ತೀರಿ, ಮೇಲೆ ರಾಗದ ಹೆಸರಿರುತ್ತದೆ, ಬರೆದವನ ಹೆಸರಿರುವುದಿಲ್ಲ. ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವಾಗ ಹಾಳೆಯೂ ಅವರ ಚೀಲದಲ್ಲಿ ಹೋಗುತ್ತದೆ.

ಆದ್ದರಿಂದ ನಿವೃತ್ತಿಗೆ ಮುಂಚೆ ಆ ಮೋಹನವನ್ನೂ, ಕೋಲಾಟದ ಧಾಟಿಯಲ್ಲಿ ಬರೆದ ಆ ಮಾರ್ಚನ್ನೂ ಪೂರ್ತಿ ಸ್ಕೋರ್ ಮಾಡು. ಎಲ್ಲ ವಾದ್ಯಗಳೂ ಒಂದೇ ಪುಟದಲ್ಲಿ, ಶಾಯಿಯಲ್ಲಿ, ಬಲಮೂಲೆಯಲ್ಲಿ ನಿನ್ನ ಹೆಸರು. ಯಾವ ವಾದ್ಯ ಇಲ್ಲದಿದ್ದರೂ ನಡೆದೀತು ಎಂಬುದನ್ನೂ ಗುರುತು ಹಾಕು, ಮುಂದೆ ಬರುವ ಮೇಷ್ಟ್ರಿಗೆ ಬೇಕಾಗುತ್ತದೆ. ಬೇರೆ ಬೇರೆ ಪಾರ್ಟುಗಳನ್ನು ನಕಲು ಮಾಡುವ ಕೆಲಸ ನನಗಿರಲಿ. ಯೂಫೋನಿಯಂ ಪಾರ್ಟಿನ ಎರಡನೇ ಹಾಳೆ ನನ್ನ ಬಳಿ ಇಲ್ಲ, ನಿನ್ನ ಬೀರುವಿನಲ್ಲಿ ಹುಡುಕಿಡು. ಬರುವ ಭಾನುವಾರ ಬೆಳಗಿನ ರೈಲಿಗೆ ಹೊರಟು ತಿಂಡಿಯ ಹೊತ್ತಿಗೆ ನಿನ್ನ ಮನೆಯಲ್ಲಿರುತ್ತೇನೆ.

ಇತಿ ನಿನ್ನ,
ಮೈಸೂರಿನ ಕ್ಲ್ಯಾರಿನೆಟ್ಟು